ಸುಗ್ಗಿ ಹಬ್ಬದ ಮೇಜಿಗೆ ಬಂದ ಕಂಬಳಿ

ಹಗರಿಬೊಮ್ಮನಹಳ್ಳಿ
೧೧ ನವೆಂಬರ್ ೨೦೨೪

ಮೈಸೂರು ಮಹಾನಗರದ ಸ್ತ್ರೀ ಸಂಘದ ಮಹಾಜನರೇ, ಮುಂದಿನ ಬೆಂಚಿನ ಹಿರಿಯರೇ, ಹಿಂದಿನ ಬೆಂಚಿನಲ್ಲಿ ಕೂತು ಸದ್ದಿಲ್ಲದೆ ಶೇಂಗಾ ಸುಲಿಯುತ್ತಿರುವ ತಾಯಂದಿರೇ, ಬಾಗಿಲ ಬಳಿ ನಿಂತು ಒಳಗೆ ಬರಲೋ ಮನೆಗೆ ಹೋಗಲೋ ಎನ್ನುತ್ತಿರುವ ಅವರ ಯಜಮಾನರೇ, ಸರ್ವರಿಗೂ ಹುಲುಗಪ್ಪನ ವಂದನೆ. ಕೂತವರು ಕೂತಿರಿ, ನಿಂತವರು ಕೂತುಕೊಳ್ಳಿ. ಪರದೆ ಏಳುತ್ತಿದೆ.

ಅವ್ವಾ ಸುಕನ್ಯಾ, ಆರಾಧನೆ ಮುಗಿದ ಮೇಲೆ ನನ್ನ ಪತ್ರಗಳನ್ನು ಸಂಘದವರ ಮುಂದೆ ಗಟ್ಟಿಯಾಗಿ ಓದುತ್ತೇನೆ ಎಂದು ನೀನು ಬರೆದ ದಿನದಿಂದ ನಾನು ನಿನ್ನೊಬ್ಬಳಿಗೇ ಬರೆಯುವುದನ್ನು ಬಿಟ್ಟಿದ್ದೇನೆ. ಫೋನ್ ಮಾಡಿ ಮಾಮ ಎನ್ನುತ್ತೀ. ಫೋನಿನಲ್ಲಿ ನನ್ನ ದನಿ ಬೆಂಕಿಪೊಟ್ಟಣದೊಳಗಿನ ಜೀರುಂಡೆಯಂತಾಗುತ್ತದೆ. ಕಾಗದದಲ್ಲಾದರೆ ದನಿ ಹಾಗೇ ಇರುತ್ತದೆ.

ಹೊಸಬರಿಗೆ ಪಾತ್ರಧಾರಿಯ ಪರಿಚಯ. ನನ್ನಪ್ಪ ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ಮೇಷ್ಟ್ರು. ನಾನು ನಡೆಯಲು ಕಲಿತದ್ದು ರಂಗದ ಹಲಗೆಯ ಮೇಲೆ, ಮಾತು ಕಲಿತದ್ದು ದುರ್ಯೋಧನನ ಬಾಯಿಂದ. ಕಂಪನಿ ಮುಚ್ಚಿತು, ಗಂಟಲು ಮುಚ್ಚಲಿಲ್ಲ. ಈಗ ಆಟೋಕ್ಕೆ ಮೈಕು ಕಟ್ಟಿಕೊಂಡು ಕೂಡ್ಲಿಗಿಯಿಂದ ಹಡಗಲಿಯವರೆಗೆ ಸೀರೆ ಅಂಗಡಿಯ ರಿಯಾಯಿತಿ, ಪಂಚಾಯಿತಿಯ ನೀರಿನ ಸರದಿ, ಕಳೆದುಹೋದ ಎಮ್ಮೆ, ಎಲ್ಲವನ್ನೂ ಸಾರುತ್ತೇನೆ. ಜ್ಞಾನಸ್ನಾನದಲ್ಲಿ ನನಗಿಟ್ಟ ಹೆಸರು ಯೋಹಾನ. ಆ ಹೆಸರಿನಿಂದ ಕರೆದರೆ ನಾನೂ ಸುತ್ತಮುತ್ತ ನೋಡುತ್ತೇನೆ, ಯಾರಪ್ಪ ಈ ಯೋಹಾನ ಅಂತ. ಸುಕನ್ಯಾಳ ತಂದೆ ನಮ್ಮ ಪುಟ್ಟ ಕ್ರೈಸ್ತ ದೇವಾಲಯದಲ್ಲಿ ಸಭಾಪಾಲಕರಾಗಿದ್ದ ಕಾಲದಿಂದ ಇವತ್ತಿನವರೆಗೆ ಸುಗ್ಗಿ ಹಬ್ಬದ ಹರಾಜು ಕೂಗುವವನು ನಾನೇ. ಜನ ತಂದು ದೇವರ ಮೇಜಿನ ಮುಂದಿಟ್ಟ ಜೋಳದ ತೆನೆ, ಕುಂಬಳಕಾಯಿ, ಕೋಳಿ, ತತ್ತಿ, ಎಲ್ಲಕ್ಕೂ ನನ್ನ ಬಾಯಿಂದಲೇ ಬಿಡುಗಡೆ.

ಈಗ ಸಮಾಚಾರ. ಆರಾಧನೆಯ ನಂತರ ಎಲ್ಲರೂ ಕೂಡಿ ಉಣ್ಣುವ ಪ್ರೇಮ ಭೋಜನಕ್ಕೆ ಥರ್ಮಾಕೋಲ್ ತಟ್ಟೆ ನಿಂತಿತು. ನಮ್ಮೂರ ದ್ಯಾಮಕ್ಕ ಹಚ್ಚುವ ಮುತ್ತುಗದ ಎಲೆ ಬಂತು. ಮೊದಲ ಭಾನುವಾರ ಕಮಿಟಿಯ ಹಿರಿಯ ಸಮಾಧಾನಪ್ಪನವರು, ಎಣ್ಣೆ ಗಾಣದವರು, ಅನ್ನಕ್ಕೆ ಕಟ್ಟೆ ಕಟ್ಟದೆ ಸಾರು ಹುಯ್ಯಿಸಿಕೊಂಡು ಬಿಳಿ ಪಂಚೆಗೆ ಜ್ಞಾನಸ್ನಾನ ಮಾಡಿಸಿದರು. ಈಗ ಎಲ್ಲರಿಗೂ ಕಟ್ಟೆ ಕಟ್ಟಲು ಬಂದಿದೆ. ಉಂಡ ಎಲೆ ತಿಪ್ಪೆಗೆ ಹೋಗುತ್ತದೆ, ತಿಪ್ಪೆ ಹೊಲಕ್ಕೆ ಹೋಗುತ್ತದೆ. ಬಣ್ಣದ ಪ್ಲಾಸ್ಟಿಕ್ ತೋರಣವೂ ಹೋಯಿತು, ಮಾವಿನೆಲೆ ಬಂತು.

ಇನ್ನು ನೀನು ಕೇಳಿದ ಕಂಬಳಿ. ತಂಬ್ರಹಳ್ಳಿ ದಾರಿಯ ಹಟ್ಟಿಯಲ್ಲಿ ಗಾದೆಪ್ಪ, ಮಂಜಮ್ಮ ಎಂಬ ಗಂಡಹೆಂಡತಿ ಇದ್ದಾರೆ. ಕುರುಬರು, ಬೀರಪ್ಪನ ಒಕ್ಕಲು. ಅವಳು ನೂಲುತ್ತಾಳೆ, ಅವನು ನೇಯುತ್ತಾನೆ. ಸ್ವಂತ ಕುರಿಯ ಕರಿ ಉಣ್ಣೆ. ಬಣ್ಣವಿಲ್ಲ, ರಸಾಯನವಿಲ್ಲ, ನೂಲಿಗೆ ಹುಣಸೆ ಬೀಜದ ಗಂಜಿ ಮಾತ್ರ. ಹೋಗಿ ಹೇಳಿದೆ.

"ಮಂಜಕ್ಕ, ಮೈಸೂರಿನಾಗ ನಿನ್ನ ಕಂಬಳಿ ಕೇಳ್ಯಾರ."

"ಅಲ್ಲಿ ಚಳಿ ಐತೇನು?"

"ಐತಂತ. ಕುರಿ ಮೈಮ್ಯಾಲ ಹೆಂಗ ಇತ್ತೋ ಹಂಗ ಇರೋ ಬಣ್ಣ ಬೇಕಂತ."

"ಹಂಗಾದ್ರ ಕುರಿನ ಹೊದ್ಕೊಳ್ಳಾಕ ಹೇಳು."

ನಗುತ್ತಲೇ ಒಪ್ಪಿದಳು. ಆದರೆ ಕೇಳಿ, ಮಹಾಜನರೇ, ಈ ನಾಟಕದಲ್ಲಿ ಒಂದು ಗಂಡಾಂತರವಿದೆ. ಅವರ ಪಡಸಾಲೆಯ ನಡುವೆ ಮಗ್ಗದ ಗುಂಡಿ. ಗಾದೆಪ್ಪ ಅದರಲ್ಲಿ ಕಾಲು ಇಳಿಬಿಟ್ಟು ನೇಯಬೇಕು. ಮಗ ಬೀರಲಿಂಗೇಶ್ ಸಂಕ್ರಾಂತಿ ಕಳೆದ ಕೂಡಲೇ ಗುಂಡಿ ಮುಚ್ಚಿ ಟೈಲ್ಸ್ ಹಾಕಿಸುತ್ತಾನಂತೆ. ಅವನನ್ನು ಖಳನಾಯಕ ಅನ್ನಬೇಡಿ. ಉಣ್ಣೆ ವ್ಯಾಪಾರಿ ಕೊಡುವ ಬೆಲೆಗೆ ಅಪ್ಪ ಅವ್ವ ಸೊಂಟ ಮುರಿದುಕೊಳ್ಳುವುದನ್ನು ನೋಡಿ ನೋಡಿ ಅವನಿಗೆ ಸಾಕಾಗಿದೆ. "ಸರಿಯಾದ ಗಿರಾಕಿ ತೋರಿಸು ಕಾಕಾ, ಗುಂಡಿಗೆ ನಾನ ಪೂಜೆ ಮಾಡ್ತೀನಿ" ಅಂದ. ಆ ಸರಿಯಾದ ಗಿರಾಕಿ ನೀವೇ ಆಗಬೇಕು.

ನಿಮ್ಮ
ಹುಲುಗಪ್ಪ


ಮೈಸೂರು
೧೮ ನವೆಂಬರ್ ೨೦೨೪

ಪ್ರೀತಿಯ ಹುಲುಗಪ್ಪ ಮಾಮ,

ನಿಮ್ಮ ಪತ್ರ ನಿನ್ನೆ ಓದಿದೆ. ಕುರಿಯನ್ನೇ ಹೊದ್ದುಕೊಳ್ಳುವ ಮಾತಿಗೆ ಹಿಂದಿನ ಬೆಂಚಿನವರು ನಕ್ಕದ್ದು ಅಂಗಳದವರೆಗೆ ಕೇಳಿಸಿತಂತೆ. ಶೇಂಗಾ ಸುಲಿಯುವುದು ನಿಮಗೆ ಹೇಗೆ ಗೊತ್ತಾಯಿತು ಎಂದು ಒಬ್ಬರು ಗಾಬರಿಯಾಗಿದ್ದಾರೆ.

ನಮ್ಮ ಅಂಗಡಿ ನೀವು ಕಂಡಿಲ್ಲ. ದೇವಾಲಯದ ಪಕ್ಕ ಹಳೆಯ ಕೋಣೆ. ಕೆಲಸ ಮಾಡಿದವರೇ ತಮ್ಮ ಸರಕಿಗೆ ಬೆಲೆ ಹೇಳಬೇಕು, ನಾವು ಚೌಕಾಸಿ ಮಾಡಬಾರದು, ಮಣ್ಣಿಗೆ ಕೇಡು ಮಾಡುವ ವಸ್ತು ಇಡಬಾರದು, ಇಷ್ಟೇ ಕಟ್ಟಳೆ. ಹಲಗೆಯ ಮೇಲೆ ಮಾಡಿದವರ ಹೆಸರು ಬರೆದಿರುತ್ತೇವೆ. ಕೊಳ್ಳುವವರು ಹೆಸರನ್ನು ಓದಿಯೇ ವಸ್ತು ಮುಟ್ಟುತ್ತಾರೆ.

ಒಂದೇ ಒಂದು ಕಂಬಳಿ ಕಳಿಸಿ. ಸಂಘದವರು ಮುಟ್ಟಿ ನೋಡಬೇಕು. ಮೆಚ್ಚಿದರೆ ವರ್ಷಪೂರ್ತಿ ಅವರು ನೇಯ್ದಷ್ಟೂ ನಾವು ತೆಗೆದುಕೊಳ್ಳುತ್ತೇವೆ. ಬೆಲೆ ಮಂಜಮ್ಮನವರೇ ಹೇಳಲಿ. ದಯವಿಟ್ಟು ನೀವು ನಡುವೆ ಮಾತಾಡಬೇಡಿ ಮಾಮ, ನಿಮ್ಮ ಮಾತು ಶುರುವಾದರೆ ಬೇರೆಯವರ ಮಾತು ಕೇಳಿಸುವುದಿಲ್ಲ. ನಗುತ್ತಾ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ.

ಇನ್ನೊಂದು ಯೋಚನೆ. ನಿಮ್ಮಲ್ಲೂ ಸುಗ್ಗಿ ಹಬ್ಬದಲ್ಲಿ ಹರಾಜಿನ ಬದಲು ಇಂಥದೊಂದು ಅಂಗಡಿ ಇಟ್ಟರೆ ಹೇಗೆ? ಕೂಗಾಟವಿಲ್ಲ, ಪೈಪೋಟಿಯಿಲ್ಲ, ಬಡವರಿಗೆ ಮುಜುಗರವಿಲ್ಲ. ಕಮಿಟಿಯವರಿಗೆ ಹೇಳಿ ನೋಡಿ.

ಸುಕನ್ಯಾ


ಹಗರಿಬೊಮ್ಮನಹಳ್ಳಿ
೨೫ ನವೆಂಬರ್ ೨೦೨೪

ಮಹಾಜನರೇ, ಸೆರಗು ಬಿಗಿದು ಕೂತುಕೊಳ್ಳಿ. ನಿನ್ನೆ ಭಾನುವಾರ ಹಗರಿಬೊಮ್ಮನಹಳ್ಳಿಯಲ್ಲಿ ನಡೆದದ್ದು ಯಾವ ಕಂಪನಿಯ ಯಾವ ನಾಟಕದಲ್ಲೂ ನಡೆದಿಲ್ಲ.

ಕೂಗಾಟವಿಲ್ಲದ ಸುಗ್ಗಿ ಹಬ್ಬವೆಂದು ಸುಕನ್ಯಾ ಬರೆದಿದ್ದಳು. ಓದಿದೆ. ಮಡಚಿ ಕಿಸೆಯಲ್ಲಿಟ್ಟುಕೊಂಡೆ. ಕೂಗು ಏನು ಮಾಡಬಲ್ಲದು ಎಂದು ಈಗ ನೀವೇ ಕೇಳಿ.

ದೇವಾಲಯ ತುಂಬಿತ್ತು. ಮೇಜಿನ ಮೇಲೆ ಜೋಳ, ಸಜ್ಜೆ, ಬದನೆಕಾಯಿ, ಶೇಂಗಾ. ಮಂಜಮ್ಮನಿಗೆ ಕಂಬಳಿಯನ್ನು ಅಲ್ಲಿಗೇ ತಾ ಎಂದು ಹೇಳಿಕಳಿಸಿದ್ದೆ. ಸಂಜೆಯ ಬಸ್ಸಿಗೆ ಮೈಸೂರಿಗೆ ಹಾಕುವ ಯೋಚನೆ. ಅವಳು ನಮ್ಮ ದೇವಾಲಯದ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಕಂಬಳಿಯನ್ನು ತಲೆಯ ಮೇಲೆ ಹೊತ್ತು ಬಾಗಿಲಲ್ಲಿ ನಿಂತಳು. ಯಾರೋ "ಅಲ್ಲಿ ಮೇಜಿನ ಮ್ಯಾಲ ಇಡ್ರಿ ಅಕ್ಕಾ" ಎಂದರು. ಇಟ್ಟಳು.

ಹರಾಜು ಶುರುವಾಯಿತು. ಏನು ಹೇಳಲಿ. ಜನರ ಮೈಯಲ್ಲಿ ಬಿಸಿಯೇ ಇಲ್ಲ. ಕುಂಬಳಕಾಯಿ ಸಂತೆಯ ಬೆಲೆಗೆ ಹೋಯಿತು, ಹುಂಜ ತನ್ನ ಬೆಲೆ ಕೇಳಿ ತಾನೇ ತಲೆ ತಗ್ಗಿಸಿತು. ದೇವರ ಹಬ್ಬ ಹೀಗೆ ನೀರಸವಾಗಿ ಮುಗಿಯುವುದೇ? ನನ್ನ ಕೈ ತಾನಾಗಿ ಕಂಬಳಿಯ ಮೇಲೆ ಹೋಯಿತು. ಎರಡೂ ಕೈಯಲ್ಲಿ ಎತ್ತಿ ಹರವಿ ಹಿಡಿದೆ.

"ನೋಡ್ರಿ ಭಕ್ತಾದಿಗಳೇ. ಇದು ಕಂಬಳಿ ಅಲ್ಲ. ಕುರುಬರ ಅಟ್ಟದ ಮ್ಯಾಲ ಮಡಚಿಟ್ಟ ಕರಿ ಮೋಡ. ಬೆತ್ಲೆಹೇಮಿನ ಕುರುಬರು ಹೊದ್ದಿದ್ದು ಇಂಥಾದ್ದ. ಇದಕ್ಕೆ ಸಂತಿ ದರ ಕೂಗಾವ ಯಾವನಾದ್ರೂ ಇದ್ರ ಎದ್ದು ಹೊರಗ ಹೋಗಲಿ."

ಯಾರೂ ಹೋಗಲಿಲ್ಲ. ಸಮಾಧಾನಪ್ಪನವರು ಒಂದು ಬೆಲೆ ಕೂಗಿದರು. ಆಸ್ಪತ್ರೆಯ ನರ್ಸಮ್ಮ ಅದರ ಮೇಲೆ ಕೂಗಿದರು. ಅವರ ಮೇಲೆ ಇವರು, ಇವರ ಮೇಲೆ ಅವರು. ನಾನು ನಡುವೆ ನಿಂತು ಈ ಕಡೆ ಕಣ್ಣು ಕೆಕ್ಕರಿಸಿ, ಆ ಕಡೆ ಕೈ ಚಾಚಿ, ಒಂದು ಸಾರಿ ಅಂದು ತಡೆದು, ಎರಡು ಸಾರಿ ಅಂದು ನೀರು ಕುಡಿದು, ಕಡೆಗೆ ಮೂರು ಸಾರಿ ಅನ್ನುವ ಹೊತ್ತಿಗೆ ಕಂಬಳಿ, ಉಣ್ಣೆ ವ್ಯಾಪಾರಿ ಕೊಡುವ ಬೆಲೆಯ ಆರು ಪಟ್ಟಿಗೆ, ಸಮಾಧಾನಪ್ಪನವರ ಹೆಗಲೇರಿತು. ಚಪ್ಪಾಳೆಗೆ ಗುಬ್ಬಿಗಳು ಗೂಡು ಬಿಟ್ಟು ಹಾರಿದವು.

ಮಂಜಮ್ಮನನ್ನು ನೋಡಬೇಕಿತ್ತು. ಸೆರಗು ಬಾಯಿಗಿಟ್ಟುಕೊಂಡು ನಿಂತಳು. ಆನಂದದಿಂದ ಮಾತೇ ಹೊರಡಲಿಲ್ಲ. ಊಟಕ್ಕೆ ಕರೆದರೂ ನಿಲ್ಲಲಿಲ್ಲ, ಗಂಡನಿಗೆ ಸುದ್ದಿ ಮುಟ್ಟಿಸುವ ಆತುರ ನೋಡಿ.

ಮಾದರಿಯ ಕಂಬಳಿ ಹೋಯಿತಲ್ಲ ಎಂದು ಚಿಂತಿಸಬೇಡ ಮಗಳೇ. ಇನ್ನೊಂದು ನೇಯುತ್ತಾರೆ. ಅದರ ಕೀರ್ತಿ ಮೊದಲೇ ಮೈಸೂರು ತಲುಪಿತು.

ವಿಜಯಿ
ಹುಲುಗಪ್ಪ


ಮೈಸೂರು
೨ ಡಿಸೆಂಬರ್ ೨೦೨೪

ಪ್ರೀತಿಯ ಮಾಮ,

ಓದಿದೆ. ಇಲ್ಲೂ ಚಪ್ಪಾಳೆ ಬಿತ್ತು. ಹರಾಜನ್ನು ನಾನೇ ಬೇಡವೆಂದಿದ್ದೆನಲ್ಲ, ಸೋತೆನೆಂದು ಎಲ್ಲರ ಮುಂದೆ ಒಪ್ಪಿಕೊಂಡೆ. ಒಬ್ಬರು, ಅಷ್ಟು ದುಡ್ಡೂ ನೇಯ್ದವರಿಗೇ ಹೋಯಿತೇ ಎಂದು ಕೇಳಿದರು. ಹೌದು, ಪೂರ್ತಿ ಎಂದೆ. ಅದಕ್ಕೆ ಮತ್ತೊಂದು ಚಪ್ಪಾಳೆ. ಬೀರಲಿಂಗೇಶ್ ಈಗ ಟೈಲ್ಸಿನ ಮಾತು ಬಿಟ್ಟಿರಬೇಕು.

ಮನೆಗೆ ಬಂದು ಪತ್ರವನ್ನು ಮತ್ತೊಮ್ಮೆ, ಗಟ್ಟಿಯಾಗಿ ಓದದೆ, ಸುಮ್ಮನೆ ಓದಿದೆ. ಒಂದು ಮಾತು ಕೇಳಬೇಕೆನಿಸಿತು.

ಮಂಜಮ್ಮ ಊಟ ಮಾಡದೆ ಯಾಕೆ ಹೋದರು?

ಸುಕನ್ಯಾ


ಹಗರಿಬೊಮ್ಮನಹಳ್ಳಿ
೧೦ ಡಿಸೆಂಬರ್ ೨೦೨೪

ಸುಕನ್ಯಾ,

ಈ ಪತ್ರವನ್ನು ಸಂಘದಲ್ಲಿ ಓದಬೇಡ.

ಸುಗ್ಗಿ ಹಬ್ಬದ ಹರಾಜಿನ ದುಡ್ಡು ಎಲ್ಲಿಗೆ ಹೋಗುತ್ತದೆಂದು ನಿನಗೆ ಗೊತ್ತಿಲ್ಲದ್ದೇನಲ್ಲ. ಮೇಜಿಗೆ ಬಂದದ್ದು ದೇವರದು. ಅದರಿಂದ ಬಂದದ್ದು ಕಾಣಿಕೆಯ ಪೆಟ್ಟಿಗೆಗೆ. ನಿನ್ನ ಕಾಲದಲ್ಲೂ ಹಾಗೇ, ಈಗಲೂ ಹಾಗೇ. ಕಂಬಳಿ ಕೂಗುವಾಗ ನನಗೆ ಅದು ಹೊಳೆಯಲೇ ಇಲ್ಲ. ಬೆಲೆ ಏರುವುದು ಮಾತ್ರ ಕಂಡಿತು. ನಿನ್ನ ಪ್ರಶ್ನೆ ಬಂದ ಮೇಲೆ ತಲೆಗೆ ಹತ್ತಿತು, ಅವಳ ಕೈಗೆ ಒಂದು ಕಾಸೂ ಹೋಗಿಲ್ಲ ಎಂದು.

ಹಟ್ಟಿಗೆ ಹೋದೆ. ಆಟೋ ಸದ್ದು ಕೇಳಿ ಯಾವಾಗಲೂ ಹೊರಗೆ ಬರುವವಳು ಬರಲಿಲ್ಲ. ಗಾದೆಪ್ಪ ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ.

"ಮಂಜಕ್ಕ ಎಲ್ಲಿ?"

"ಒಳಗ ಅದಾಳ."

"ಕರಿ."

"ಬರಂಗಿಲ್ಲ ಅಂದಾಳ."

"ಯಾಕಂತ?"

"ಅದನ್ನೂ ಹೇಳಂಗಿಲ್ಲ ಅಂದಾಳ."

ಪಡಸಾಲೆಯತ್ತ ಕಣ್ಣು ಹಾಯಿಸಿದೆ. ಮಗ್ಗದ ಕಟ್ಟಿಗೆಗಳನ್ನು ಬಿಚ್ಚಿ ಅಟ್ಟಕ್ಕೇರಿಸಿದ್ದಾರೆ. ಗುಂಡಿಯ ಮೇಲೆ ಹಲಗೆ ಮುಚ್ಚಿದೆ. ಗೋಡೆಗೆ ಒರಗಿಸಿ ಟೈಲ್ಸಿನ ಪೆಟ್ಟಿಗೆಗಳು ಬಂದು ಕೂತಿವೆ. ಬೀರಲಿಂಗೇಶ್ ನನಗೆ ಚಹಾ ತಂದುಕೊಟ್ಟ. ಮಾತಿನಲ್ಲಿ ಒಂದಿಷ್ಟೂ ಒರಟಿಲ್ಲ, ಅದೇ ಹೆಚ್ಚು ಚುಚ್ಚಿತು. "ವ್ಯಾಪಾರಿ ಕಡಿಮಿ ಆದ್ರೂ ಕೊಡ್ತಾನ ಕಾಕಾ. ನೀವು ಚಪ್ಪಾಳಿ ಕೊಟ್ರಿ" ಅಂದ.

ದುಡ್ಡಿನ ಸಿಟ್ಟು. ಬೇರೇನು ಇರುತ್ತದೆ? ಕಮಿಟಿಯವರನ್ನು ಕೇಳಬೇಕು. ದೇವರ ಪೆಟ್ಟಿಗೆಯಿಂದ ದುಡ್ಡು ಹೊರಗೆ ತೆಗೆದದ್ದು ನಮ್ಮಲ್ಲಿ ಯಾರಿಗೂ ನೆನಪಿಲ್ಲ. ಕೇಳಲು ನನಗೆ ದನಿ ಬರುತ್ತಿಲ್ಲ.

ಹುಲುಗಪ್ಪ


ಮೈಸೂರು
೧೫ ಡಿಸೆಂಬರ್ ೨೦೨೪

ಹುಲುಗಪ್ಪನವರಿಗೆ,

ಪೂರ್ತಿ ಅವರಿಗೇ ಹೋಯಿತೆಂದು ನಾನು ನಲವತ್ತು ಜನರ ಮುಂದೆ ಹೇಳಿದ್ದೇನೆ. ನೀವು ಹೇಳದ್ದನ್ನು ನಾನೇ ಸೇರಿಸಿ ಹೇಳಿದೆ, ಅದು ನನ್ನ ತಪ್ಪು. ಆದರೆ ಕಂಬಳಿ ನಿಮ್ಮದೂ ಅಲ್ಲ, ನನ್ನದೂ ಅಲ್ಲ. ಅದನ್ನು ಎತ್ತಿ ಹಿಡಿಯುವ ಮೊದಲು ನಿಮಗೆ ಅಷ್ಟಾದರೂ ಅನಿಸಲಿಲ್ಲವೇ?

ನ್ಯಾಯವಾದ ಬೆಲೆ ಎಂದು ಇಲ್ಲಿ ಬೋರ್ಡು ಬರೆದು ತೂಗುಹಾಕಿಕೊಂಡು ಕೂತಿದ್ದೇವೆ. ದುಡ್ಡೇ ಕೊಡದೆ ತೆಗೆದುಕೊಂಡವರು ಮಾತ್ರ ನಾವೇ ಆದೆವು. ಉಣ್ಣೆ ವ್ಯಾಪಾರಿ ಕೂಡ ಹಾಗೆ ಮಾಡಿಲ್ಲ.

ಹರಾಜಿನಲ್ಲಿ ಬಂದಷ್ಟೂ ದುಡ್ಡನ್ನು ನಾನೇ ಬೀರಲಿಂಗೇಶನ ಫೋನಿಗೆ ಹಾಕುತ್ತಿದ್ದೇನೆ. ಕಮಿಟಿಯವರನ್ನು ಕೇಳುವುದು ಬಿಡುವುದು ನಿಮಗೆ ಬಿಟ್ಟದ್ದು.

ಸುಕನ್ಯಾ


ಮೈಸೂರು
೫ ಜನವರಿ ೨೦೨೫

ಮಾಮ,

ಕ್ರಿಸ್ಮಸ್ ಹೋಯಿತು, ಹೊಸ ವರ್ಷ ಬಂತು, ನಿಮ್ಮಿಂದ ಒಂದು ಸಾಲೂ ಇಲ್ಲ. ಫೋನ್ ಮಾಡಿದೆ, ಎತ್ತಲಿಲ್ಲ. ನನ್ನ ಮೇಲೆ ಕೋಪ ಬಂದಿರಬೇಕು. ನಿಮ್ಮ ಹೆಗಲ ಮೇಲೆ ಕೂತು ನಾಟಕ ನೋಡಿದವಳು ನಿಮಗೆ ಆ ರೀತಿ ಬರೆಯಬಾರದಿತ್ತು. ಬರೆದ ಮಾತು ತಪ್ಪೆಂದು ಹೇಳುತ್ತಿಲ್ಲ, ಬರೆದ ರೀತಿ.

ನಾನು ಹಾಕಿದ ದುಡ್ಡು ಮರುದಿನವೇ ವಾಪಸ್ ಬಂದಿದೆ. ಬೀರಲಿಂಗೇಶ್ ಒಂದೇ ಸಾಲು ಕಳಿಸಿದ: "ಅವ್ವ ಬ್ಯಾಡ ಅಂತಾಳ ಮೇಡಂ, ಯಾಕಂತ ನನಗೂ ತಿಳೀವಲ್ದು."

ಇಲ್ಲಿಯದು ನಿಮಗೆ ಹೇಳಿರಲಿಲ್ಲ. ಹೋದ ತಿಂಗಳೇ ಸಂಘದವರ ಮುಂದೆ ನಿಂತು, ಅವತ್ತು ನಾನು ಹೇಳಿದ್ದು ನಿಜವಲ್ಲ ಎಂದೆ. ಅಂಗಡಿಯಲ್ಲಿ ಕಂಬಳಿಗೆಂದು ಖಾಲಿ ಬಿಟ್ಟಿದ್ದ ಹಲಗೆಯ ಮೇಲೆ ಬೇರೆ ಏನಾದರೂ ಇಡೋಣವೇ ಎಂದು ಒಬ್ಬರು ಕೇಳಿದರು. ಇಷ್ಟು ದಿನ ಕಾದಿದ್ದೀವಿ, ಜನವರಿ ಮುಗಿಯುವವರೆಗೆ ಕಾಯೋಣ ಎಂದರು ಇನ್ನೊಬ್ಬರು. ಅಷ್ಟಕ್ಕೆ ನಿಂತಿದೆ.

ಟೈಲ್ಸ್ ಹಾಕಿಬಿಟ್ಟರೇ? ಅದೊಂದನ್ನಾದರೂ ತಿಳಿಸಿ.

ನಿಮ್ಮ
ಸುಕನ್ಯಾ


ಹಗರಿಬೊಮ್ಮನಹಳ್ಳಿ
೧೫ ಜನವರಿ ೨೦೨೫

ಅವ್ವಾ ಸುಕನ್ಯಾ,

ಕೋಪವಿಲ್ಲ. ಹೇಳಲು ಏನೂ ಇಲ್ಲದಾಗ ಹೇಗೆ ಬರೆಯಬೇಕೆಂದು ನನಗೆ ಯಾರೂ ಕಲಿಸಿಲ್ಲ. ಕಂಪನಿಯಲ್ಲಿ ಮಾತು ಮರೆತರೆ ಅಪ್ಪ ಹಾರ್ಮೋನಿಯಂ ಜೋರು ಮಾಡಿಬಿಡುತ್ತಿದ್ದರು.

ಇವತ್ತು ಹೇಳಲು ಇದೆ. ಇದನ್ನು ಸಂಘದಲ್ಲಿ ಓದು. ನನ್ನ ಪೆದ್ದುತನ ಬರುವ ಕಡೆ ಇನ್ನೂ ಗಟ್ಟಿಯಾಗಿ ಓದು.

ಕ್ರಿಸ್ಮಸ್ ಕಳೆದ ಮೇಲೆ ಕಮಿಟಿಯ ಮುಂದೆ ನಿಂತೆ. ದೇವರ ದುಡ್ಡನ್ನು ವಾಪಸ್ ಕೊಡುವುದು ಹೇಗೆಂದು ಒಬ್ಬರು, ಕೊಡದಿದ್ದರೆ ಅದು ದೇವರ ದುಡ್ಡು ಹೇಗಾಯಿತೆಂದು ನರ್ಸಮ್ಮ. ವಾದ ನಡೆಯಿತು. ಕಡೆಗೆ ಸಮಾಧಾನಪ್ಪನವರು ಕಂಬಳಿ ಹೊದ್ದೇ ಬಂದಿದ್ದರು, ಅದನ್ನು ತೆಗೆದು ಮಡಚುತ್ತಾ, "ನಾ ದೇವರಿಗೆ ಕೊಟ್ಟೀನಿ ಅಂತ ತಿಳ್ಕೊಂಡಿದ್ದೆ. ಆಕಿ ಕೊಟ್ಟಾಳೋ ಇಲ್ಲೋ ಯಾರೂ ಕೇಳಲಿಲ್ಲ. ಪೆಟ್ಟಿಗಿ ತೆಗೀರಿ" ಎಂದರು.

ನಿನ್ನೆ, ಸಂಕ್ರಾಂತಿಯ ದಿನ, ಅವರೂ ನಾನೂ ಹಟ್ಟಿಗೆ ಹೋದೆವು. ಹಬ್ಬಕ್ಕೆ ಬಂದವರನ್ನು ಬಾಗಿಲಲ್ಲಿ ನಿಲ್ಲಿಸುವುದು ಸರಿಯಲ್ಲವೆಂದು ಮಂಜಮ್ಮ ಹೊರಗೆ ಬಂದಳು. ಸಮಾಧಾನಪ್ಪನವರು ದುಡ್ಡನ್ನು ತಟ್ಟೆಯಲ್ಲಿಟ್ಟು ಮುಂದೆ ಚಾಚಿದರು. ಅವಳು ಎರಡು ಹೆಜ್ಜೆ ಹಿಂದೆ ಸರಿದಳು, ಬೆಂಕಿಯಿಂದ ಸರಿದ ಹಾಗೆ.

"ಬ್ಯಾಡ್ರಿ. ದೇವರ ಮುಂದ ಎತ್ತಿ ಹಿಡಿದಿದ್ದರ ದುಡ್ಡು ನಾ ಮುಟ್ಟಂಗಿಲ್ಲ. ನಿಮ್ಮ ದೇವರಾದ್ರೇನು, ನಮ್ಮ ಬೀರಪ್ಪ ಆದ್ರೇನು."

"ಮತ್ತ ಸಿಟ್ಟು ಯಾಕವಾ?" ಎಂದೆ.

"ಸಿಟ್ಟು ದುಡ್ಡಿಂದಲ್ಲೋ ಹುಲುಗಪ್ಪ. ನಿಮ್ಮ ಗುಡಿಗೆ ಮೊದಲ್ನೇ ಸಲ ಬಂದಿದ್ದೆ. ನಿಮ್ಮ ದೇವರಿಗೆ ಏನಾರ ಕೊಡೋದಿದ್ರ ನಾನ ನನ್ನ ಕೈಯಾರೆ ಕೊಡ್ತಿದ್ದೆ. ಅಷ್ಟು ಮಂದಿ ಮುಂದ ನೀ ಕೂಗಿದಿ, ಅವ್ರು ಕೊಂಡ್ರು, ಎಲ್ಲಾರೂ ಕೈ ಬಡಿದ್ರಿ. ಕೊಟ್ಟಾಕಿ ಯಾರು ಅಂತ ಒಬ್ರೂ ತಿರುಗಿ ನೋಡಲಿಲ್ಲ. ನನ್ನ ಕೇಳಬೇಕಿತ್ತು."

ಸುಕನ್ಯಾ, ನಾನು ದುಡ್ಡಿನ ಸಿಟ್ಟೆಂದು ಬರೆದೆ. ನೀನು ದುಡ್ಡು ಕಳಿಸಿದೆ. ನಾವಿಬ್ಬರೂ ವಾರಕ್ಕೊಂದು ಪತ್ರ ಬರೆದುಕೊಂಡೆವೇ ಹೊರತು ಅವಳನ್ನು ಏನಾಯಿತೆಂದು ಕೇಳಲಿಲ್ಲ.

ಹಾಗಾಗಿ ಅಲ್ಲೇ ಕಟ್ಟೆಯ ಮೇಲೆ ಕೂತು ಕೇಳಿದೆ. "ಮಂಜಕ್ಕ, ಆ ಕಂಬಳಿ ದೇವರಿಗೆ ಕೊಡ್ತೀಯೇನು?"

ಅವಳು ನನ್ನನ್ನೇ ನೋಡಿದಳು. ಆಮೇಲೆ ನಕ್ಕಳು. "ಈಗ ಕೇಳ್ತಿಯಲ್ಲೋ. ಮದುವಿ ಮುಗಿದು ಕೂಸು ಹುಟ್ಟಿದ ಮ್ಯಾಲ ಹೆಣ್ಣು ನೋಡಾಕ ಬಂದಂಗ."

"ತಡ ಆತು. ಆದ್ರೂ ಕೇಳ್ತೀನಿ."

"ನನ್ನ ಪಾಲಿಂದು ಕೊಟ್ಟೀನಿ ತಗೋ. ನೂಲಿದ್ದು ನಾನು. ನೇಯ್ದಿದ್ದು ಅವ್ನು. ಅವ್ನ ಪಾಲಿಂದು ಅವ್ನ ಕೇಳು" ಎಂದಳು.

ಗಾದೆಪ್ಪನತ್ತ ತಿರುಗಿದೆ. ಅವನು ಹಗ್ಗದಿಂದ ಕಣ್ಣೆತ್ತದೆ, "ನಾ ಕೊಟ್ಟಿಲ್ಲ" ಎಂದ. "ಬೀರಪ್ಪಗ ವರ್ಷಾ ಕೊಡ್ತೀನಿ. ಇದನ್ನ ಮಾರಾಕ ನೇಯ್ದಿದ್ದೆ."

ಸಮಾಧಾನಪ್ಪನವರು ಬೆವರು ಒರೆಸಿಕೊಂಡರು. "ಹಂಗಾದ್ರ ಅರ್ಧ ದೇವರಿಗೆ, ಅರ್ಧ ಗಾದೆಪ್ಪಗ."

"ಅರ್ಧ ಯಾಕ?" ಎಂದ ಗಾದೆಪ್ಪ. "ನೇಯೋದು ಹೆಚ್ಚಿನ ಕೆಲಸ."

ಅಷ್ಟೇ. ಪರದೆ ಎದ್ದಿತು. ನಾನು ಕಂಡ ನಾಟಕಗಳಲ್ಲಿ ಇದಕ್ಕಿಂತ ಒಳ್ಳೆಯ ಜಗಳವಿಲ್ಲ.

"ಹೆಚ್ಚಿಂದಂತ. ಕುರಿ ತೊಳದಾಕಿ ಯಾರು? ಉಣ್ಣೆಯಾಗಿನ ಮುಳ್ಳು ಆರಿಸಿದಾಕಿ ಯಾರು? ನನ್ನ ಬೆರಳು ನೋಡು."

"ಉಣ್ಣೆ ಕತ್ತರಿಸಿದಾವ ನಾನು."

"ಒಂದು ಹೊತ್ತಿನ ಕೆಲಸ. ನಾ ರಾಟಿ ಮುಂದ ಕುಂತ್ರ ಸೋನಿ ಮಳಿ ಶುರು ಆಗಿ ನಿಲ್ಲತೈತಿ, ನಾ ಇನ್ನೂ ಕುಂತಿರ್ತೀನಿ."

"ಮತ್ತ ಹುಣಿಚಿ ಬೀಜ ಹುರದು ಕುಟ್ಟಿ ಗಂಜಿ ಕಾಸಿದ್ದು?"

"ಕುಟ್ಟಿದಾಕಿ ನಾನು. ನೀ ಕಾಸಿದಿ, ಅದೂ ತಳ ಹತ್ತಿಸಿ."

"ಗುಂಡಿಯಾಗ ಕುಂತು ಕುಂತು ನನ್ನ ಸೊಂಟ ಬಿಲ್ಲಾಗೇತಿ."

"ಅದು ಗುಂಡಿಯಿಂದಲ್ಲ, ಬಾವಿಗಿ ಬಿದ್ದಾಗಿಂದು."

ಬೀರಲಿಂಗೇಶ್ ಬಾಗಿಲಿಗೆ ಒರಗಿ ನಿಂತಿದ್ದವನು ಮೆಲ್ಲಗೆ ಒಳಗೆ ಹೋಗಿ, ಟೈಲ್ಸಿನ ಪೆಟ್ಟಿಗೆಯ ರಟ್ಟು ಹರಿದು ತಂದು, ಅವರು ಆಡಿದ್ದನ್ನೆಲ್ಲ ಬರೆದುಕೊಳ್ಳತೊಡಗಿದ. ಕತ್ತರಿಸಲು ಇಷ್ಟು, ತೊಳೆಯಲು ಇಷ್ಟು, ನೂಲಲು ಇಷ್ಟು, ಕೂಲಿಗೆ ಹೋದರೆ ಇಬ್ಬರಿಗೂ ಇಷ್ಟು ಎಂದು. ಕೂಡಿದ. ಕೂಡಿದವನು ಇನ್ನೊಮ್ಮೆ ಕೂಡಿದ.

"ಅವ್ವಾ, ಇಷ್ಟು ದಿನ ವ್ಯಾಪಾರಿ ನಮಗ ಇದರಾಗ ಅರ್ಧಾನೂ ಕೊಟ್ಟಿಲ್ಲ."

ಜಗಳ ನಿಂತಿತು. ಗಂಡಹೆಂಡತಿ ಇಬ್ಬರೂ ಆ ರಟ್ಟನ್ನು ನೋಡಿದರು. ಮದುವೆಯಾದಂದಿನಿಂದ ಇಬ್ಬರೂ ಕಂಬಳಿ ಮಾಡಿದ್ದಾರೆ. ನಿನ್ನ ಬೆಲೆ ಹೇಳು ಎಂದು ಅವರನ್ನು ಯಾರೂ ಕೇಳಿರಲಿಲ್ಲ. ನೀನು ಕೇಳಿದ್ದೆ, ನಿಜ. ನಾನು ಆ ಪ್ರಶ್ನೆಯನ್ನು ಅವರಿಗೆ ತಲುಪಿಸಿರಲಿಲ್ಲ.

"ಮೈಸೂರಿನವ್ರು ಇಷ್ಟು ಕೊಡ್ತಾರೇನು?" ಮಂಜಮ್ಮ ಕೇಳಿದಳು.

ನಾನು ಬಾಯಿ ತೆಗೆದೆ. ಆಮೇಲೆ ಮುಚ್ಚಿಕೊಂಡೆ. "ಕೇಳಿ ಹೇಳ್ತೀನಿ" ಎಂದೆ. ಹಾಗಾಗಿ ಕೇಳುತ್ತಿದ್ದೇನೆ. ಅವರ ಬೆಲೆಯನ್ನು ಬೇರೆ ಚೀಟಿಯಲ್ಲಿ ಬರೆದು ಇದರೊಳಗೆ ಇಟ್ಟಿದ್ದೇನೆ. ವ್ಯಾಪಾರಿಯದಕ್ಕಿಂತ ಬಹಳ ಹೆಚ್ಚು, ನಾನು ಕೂಗಿಸಿದ್ದಕ್ಕಿಂತ ಬಹಳ ಕಡಿಮೆ. ಮಹಾಜನರೇ, ಒಪ್ಪಿಗೆಯಾದರೆ ಹೌದೆನ್ನಿ, ಆಗದಿದ್ದರೆ ಇಲ್ಲವೆನ್ನಿ. ಎರಡರಲ್ಲಿ ಯಾವುದಾದರೂ ಅವರಿಗೆ ನೇರವಾಗಿ ಹೇಳಿ. ಬೀರಲಿಂಗೇಶನ ನಂಬರು ನಿಮ್ಮಲ್ಲಿದೆ.

ರಟ್ಟಿನ ಲೆಕ್ಕದಂತೆ ಗಾದೆಪ್ಪನ ಪಾಲಿನ ದುಡ್ಡನ್ನು ಸಮಾಧಾನಪ್ಪನವರು ಅವನ ಕೈಗೆ ಕೊಟ್ಟರು. ಮಂಜಮ್ಮನ ಪಾಲನ್ನು ಅವಳೇ ತಟ್ಟೆಯಿಂದೆತ್ತಿ ನಮ್ಮ ಪೆಟ್ಟಿಗೆಗೆಂದು ಅವರ ಕೈಗೆ ಹಾಕಿದಳು. ಹಾಕಿ, "ಈಗ ಕೊಟ್ಟೆ ನೋಡ್ರಿ" ಎಂದಳು. ಊಟಕ್ಕೆ ಎಬ್ಬಿಸಿದಳು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ. ಸಮಾಧಾನಪ್ಪನವರು ಎಷ್ಟು ತಿಂದರೆಂದು ನಾನು ಬರೆಯುವುದಿಲ್ಲ, ಅವರಿಗೂ ಮರ್ಯಾದೆ ಇದೆ.

ಟೈಲ್ಸಿನ ವಿಚಾರ. ನಿನ್ನೆ ಗಾರೆಯವನು ಬಂದು ಅಳತೆ ಮಾಡಿದ. ಬೀರಲಿಂಗೇಶ್ ಸುಣ್ಣದ ಪುಡಿಯಿಂದ ಗುಂಡಿಯ ಸುತ್ತ ಗೆರೆ ಎಳೆದು, "ಇದನ್ನ ಬಿಟ್ಟು ಹಾಕು" ಎಂದ. ಸುತ್ತಲೂ ಟೈಲ್ಸ್, ನಡುವೆ ಮಗ್ಗ. ಇಂಥ ಪಡಸಾಲೆ ನಾನು ಎಲ್ಲೂ ಕಂಡಿಲ್ಲ, ಇನ್ನು ಇಲ್ಲಿ ಕಾಣುತ್ತೇನೆ. ಅಟ್ಟದ ಕಟ್ಟಿಗೆಗಳನ್ನು ಅಪ್ಪ ಮಗ ಸೇರಿ ಇವತ್ತು ಕೆಳಗಿಳಿಸಿದ್ದಾರೆ. ದೀಪಾವಳಿಗೆ ಕತ್ತರಿಸಿದ ಉಣ್ಣೆಯಲ್ಲಿ ನೂಲು ಸಿದ್ಧವಿದೆಯಂತೆ. ನಿಮ್ಮ ಉತ್ತರ ಏನೇ ಬರಲಿ, ಒಂದು ಕಂಬಳಿ ನೇಯುತ್ತಾರಂತೆ. ಮುಟ್ಟಿ ನೋಡದೆ ಯಾರು ಕೊಳ್ಳುತ್ತಾರೆ ಎಂದಳು ಮಂಜಮ್ಮ.

ಮುಂದಿನ ಸುಗ್ಗಿ ಹಬ್ಬಕ್ಕೆ ಹರಾಜು ಇರಬೇಕೋ ಅಂಗಡಿ ಇರಬೇಕೋ ಎಂದು ಕಮಿಟಿ ಇನ್ನೂ ಜಗಳಾಡುತ್ತಿದೆ. ನನ್ನ ಮತ ಕೇಳಿದರು. ಮೇಜಿನ ಮೇಲೆ ಏನನ್ನಾದರೂ ಇಟ್ಟವರನ್ನು ಮೊದಲು ನಾನು ಹತ್ತಿರ ಹೋಗಿ, ಮೈಕಿಲ್ಲದೆ, ಇದು ಕೊಟ್ಟದ್ದೋ ಮಾರುವುದೋ ಎಂದು ಕೇಳುತ್ತೇನೆ, ಆಮೇಲೆ ನೀವು ಹೇಳಿದಂತೆ ಎಂದೆ. ನನಗೂ ಒಂದು ಪಾತ್ರ ಬೇಕಲ್ಲ.

ಈಗ ಮಲಗಬೇಕು. ನೂಲನ್ನು ಮಗ್ಗಕ್ಕೇರಿಸುವ ಮುಂಚೆ ಬೀದಿಯುದ್ದಕ್ಕೂ ಎಳೆದು ಹಿಡಿದು ಗಂಜಿ ಬಳಿದು ಒಣಗಿಸಬೇಕು. ಹಿಡಿಯುವವರು ಅಲುಗಿದರೆ ಎಳೆ ಹರಿಯುತ್ತದೆ. ಬೀರಲಿಂಗೇಶನಿಗೆ ನಾಳೆ ಹೊಸಪೇಟೆಯಲ್ಲಿ ಕೆಲಸದ ಪಾಳಿ. ನಾನು ಹಿಡಿಯುತ್ತೇನೆಂದೆ. ಮಾತಾಡಿದರೆ ನಿನ್ನ ಮೈಯೆಲ್ಲ ಅಲುಗುತ್ತದೆ, ಬಾಯಿ ಮುಚ್ಚಿಕೊಂಡಿರುವುದಾದರೆ ಬಾ ಎಂದಳು ಮಂಜಮ್ಮ. ಒಪ್ಪಿದ್ದೇನೆ. ನಾಳೆ ಬೆಳಗ್ಗೆ ಬಿಸಿಲು ಹದವಾಗುವ ಹೊತ್ತಿಗೆ ಅವರ ಮನೆಯ ಮುಂದಿನ ಬೀದಿಯಲ್ಲಿ ನೂಲಿನ ಒಂದು ತುದಿ ಹಿಡಿದು ನಿಂತಿರುತ್ತೇನೆ. ಆ ತುದಿಯಿಂದ ಅವಳು ಗಂಜಿ ಬಳಿಯುತ್ತಾ ಬಂದು ನನ್ನ ಹತ್ತಿರ ತಲುಪಿ ಸಾಕು ಅನ್ನುವವರೆಗೆ ಒಂದು ಮಾತೂ ಆಡುವುದಿಲ್ಲ.

ನಿನ್ನ ಮಾಮ
ಹುಲುಗಪ್ಪ